ಬಿಗಿಯ ಮಿತಿ

ಕಳೆದ ಭಾನುವಾರ ನನ್ನ ಹಳೆಯ ಕಾರಿನ ಸ್ಪಾರ್ಕ್ ಪ್ಲಗ್ಗನ್ನು ನಾನೇ ಕೂರಿಸಹೊರಟೆ. ಓರೆಯಾಗಿ ಕಚ್ಚಿದ್ದನ್ನು ಸ್ಪ್ಯಾನರಿನಿಂದ ಬಲವಾಗಿ ತಿರುಗಿಸಿದೆ. ಎಂಜಿನ್ನಿನ ಹೆಡ್ಡು ಮೆದುವಾದ ಅಲ್ಯೂಮಿನಿಯಂ, ಪ್ಲಗ್ಗು ಉಕ್ಕು. ರಂಧ್ರದ ಥ್ರೆಡ್ಡೆಲ್ಲ ಕಿತ್ತುಬಂದು ಪ್ಲಗ್ಗು ಬಿಗಿಯದೆ ಸುತ್ತತೊಡಗಿತು. ಹೆಡ್ಡನ್ನೇ ಬದಲಿಸಬೇಕಾದೀತೆಂದು ಎದೆ ಧಸಕ್ಕೆಂದಿತು.

ಮೆಕ್ಯಾನಿಕ್ ಬಂದು ನೋಡಿ ನಕ್ಕರು. 14 ಮಿಲಿಮೀಟರಿನ ಆ ರಂಧ್ರವನ್ನು ಕೊಂಚ ಹಿಗ್ಗಿಸಿ, ಲೋಹದ ಚೂರು ಸಿಲಿಂಡರಿಗೆ ಉದುರದಿರಲೆಂದು ಟ್ಯಾಪಿಗೆ ಗ್ರೀಸು ಬಳಿದು, ಹೊಸ ಥ್ರೆಡ್ಡು ಕೊರೆದರು. ಅದರೊಳಗೆ ತುಕ್ಕುಹಿಡಿಯದ ಉಕ್ಕಿನ ತಂತಿಯ ಸುರುಳಿಯೊಂದನ್ನು ತಿರುಗಿಸಿ ಇಳಿಸಿದರು. ಸುರುಳಿಯ ಒಳಮೈಯೇ ಹಳೆಯ ಅಳತೆಯ ಥ್ರೆಡ್ಡು!

“ಮೊದಲ ಸುತ್ತುಗಳು ಬೆರಳಿನವು ಮೇಷ್ಟ್ರೇ, ಸ್ಪ್ಯಾನರು ಕೊನೆಗೆ” ಎಂದರು.

ಪದ್ಯದ ಅನ್ವಯವನ್ನು ಬಲವಂತದಿಂದ ಕೂಡಿಸಬೇಡಿರೆಂದು ತರಗತಿಯಲ್ಲಿ ದಿನವೂ ಹೇಳುವವನು ನಾನೇ!