ಛಡಿ ಬಿಟ್ಟ ಮಾಸ್ತರರು, ಶಾಲೆ ಬಿಡದ ಹುಡುಗರು

ಸಿನಿಮಾ ಮಾಸ್ತರರಲ್ಲಿ ಎರಡೇ ನಮೂನೆ, ಗಮನಿಸಿದ್ದೀರಾ ಓದುಗರೇ? 1972ರ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಒಂದರಲ್ಲೇ ಎರಡೂ ಸಿಗುತ್ತವೆ. ಕಾಪಿ ಹೊಡೆದ ರಾಮಾಚಾರಿಯನ್ನು ಎಲ್ಲರೆದುರು ಬೈದು ಸಸ್ಪೆಂಡ್ ಮಾಡಿದ ಪ್ರಿನ್ಸಿಪಾಲರು ರಾತ್ರಿ ಅರೆಬತ್ತಲೆಯಾಗಿ ಕಂಬಕ್ಕೆ ಕಟ್ಟಿಸಿಕೊಂಡರು. ಅದೇ ಹುಡುಗನನ್ನು ಮಗನಂತೆ ಪ್ರೀತಿಸಿದ ಚಾಮಯ್ಯ ಮೇಷ್ಟ್ರು, ನಮ್ಮ ಅಶ್ವಥ್, ಕೊನೆಗೆ ದುರ್ಗದ ಬೆಟ್ಟದಲ್ಲಿ ಪ್ರಾಣವನ್ನೇ ಬಿಟ್ಟರು. ಎರಡೂ ಲಾಭದ ಕಸುಬಲ್ಲ ಬಿಡಿ!

ನಮ್ಮ ಕಲಬುರಗಿ ಕಡೆ ಮೂರನೇ ನಮೂನೆಯೊಂದಿದೆ. ಅದು ತೆರೆಯ ಮೇಲೆ ಬಂದದ್ದು ಕಡಿಮೆ.

ಅಪ್ಪ ಬಸ್ ಕಂಡಕ್ಟರ್. ಡಿಪೋ ಬದಲಾದ ಹಾಗೆಲ್ಲ ನನ್ನ ಶಾಲೆಯೂ ಬದಲು. ಆಳಂದದಲ್ಲಿ ಅಕ್ಷರ ಬಂತು, ಅಫಜಲಪುರದಲ್ಲಿ ಮಗ್ಗಿ ಬಂತು, ಜೇವರ್ಗಿಯಲ್ಲಿ ಮೀಸೆ ಬಂತು. ಮೂರೂ ಊರಲ್ಲಿ ನಮ್ಮಂಥ ಉಡಾಳರ ದಂಡು. ಮೂರೂ ಊರಲ್ಲಿ ನಮ್ಮನ್ನು ಮೀರಿಸುವ ಒಬ್ಬೊಬ್ಬ ಮಾಸ್ತರರು.

ಆಳಂದ ಅಂದರೆ ಗಡಿ. ಕನ್ನಡ, ಮರಾಠಿ, ಉರ್ದು ಒಂದೇ ಓಣಿಯಲ್ಲಿ. ಹೀಗಾಗಿ ಬೈಗುಳಕ್ಕೂ ಮೂರು ಭಾಷೆಯ ಅನುಕೂಲ! ಆಚೆ ಸೀಮೆಯ ಮರಾಠಿಯಲ್ಲಿ ಛಡಿಯ ಮೇಲೆ ಒಂದು ಹಾಡೇ ಇದೆ. ಆಚಾರ್ಯ ಅತ್ರೆಯವರ ‘ಶ್ಯಾಮಚಿ ಆಯಿ’ (1953) ಚಿತ್ರದ್ದು. ರಾಷ್ಟ್ರಪತಿಗಳ ಮೊಟ್ಟಮೊದಲ ಸುವರ್ಣ ಪದಕ ಪಡೆದ ಚಿತ್ರ ಅದು. ಬೆತ್ತ ಬಿದ್ದರೆ ವಿದ್ಯೆ ಬಂದೀತು ಎಂಬ ಅರ್ಥದ ಆ ಹಾಡು ಬಲ್ಲ ಅಜ್ಜಂದಿರು ನಮ್ಮೂರಲ್ಲೂ ಇದ್ದರು. ನಮ್ಮ ಮೂರನೇ ಕ್ಲಾಸಿನ ಮಾಸ್ತರರು ಮಾತ್ರ ಬೆತ್ತ ಮುಟ್ಟಲಿಲ್ಲ. ಬೈದ ಹುಡುಗನನ್ನು ಬೋರ್ಡಿಗೆ ಕರೆಯೋರು.

“ಬಾರಪ್ಪ ಪಂಡಿತ. ಈಗ ಏನಂದಿ? ಬರಿ. ಒತ್ತಕ್ಷರ ತಪ್ಪಬಾರದು.”

ಬಾಯಲ್ಲಿ ಸರಾಗವಾಗಿ ಬಂದದ್ದು ಸೀಮೆಸುಣ್ಣದಲ್ಲಿ ಬರಬೇಕಲ್ಲ! ಯಾವುದು ಅಲ್ಪಪ್ರಾಣ, ಯಾವುದು ಮಹಾಪ್ರಾಣ? ಬರೆದ, ಅಳಿಸಿದ, ಬೆವೆತ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. “ನೋಡ್ರಿ, ಬೈಲಿಕ್ಕೂ ಶಾಲಿ ಕಲೀಬೇಕು” ಅಂದರು ಮಾಸ್ತರರು. ದೀಪಾವಳಿ ಹೊತ್ತಿಗೆ ಬೈಗುಳ ಅರ್ಧ ಇಳಿದಿತ್ತು, ಒತ್ತಕ್ಷರ ಪೂರ್ತಿ ಬಂದಿತ್ತು.

ಅಲ್ಲಿಂದ ಅಫಜಲಪುರ. ಭೀಮಾ–ಅಮರ್ಜಾ ಸಂಗಮದ ಗಾಣಗಾಪುರ ಇದೇ ತಾಲೂಕು. ಗುರುವಾರ ದತ್ತನ ನೆಪ, ಶುಕ್ರವಾರ ಹೊಸ ಸಿನಿಮಾದ ನೆಪ, ಕ್ಲಾಸು ಖಾಲಿ! 2007ರಲ್ಲಿ ‘ಮುಂಗಾರು ಮಳೆ’ ಬಂದಾಗಂತೂ ಮಧ್ಯಾಹ್ನದ ಹಾಜರಿಯಲ್ಲಿ ಉಳಿದವರು ಹುಡುಗಿಯರು, ಮತ್ತೆ ಟಿಕೆಟ್ಟಿಗೆ ದುಡ್ಡಿಲ್ಲದ ನಾವು ನಾಲ್ಕು ಮಂದಿ. ಹೆಡ್ ಮಾಸ್ತರರು ಸಿಟ್ಟಾಗಲಿಲ್ಲ. ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಸೀದಾ ಟಾಕೀಸಿಗೆ ನಡೆದರು. ಕತ್ತಲಲ್ಲಿ ಹಿಂದೆ ನಿಂತು, ಮಳೆಯ ಸದ್ದಿನ ನಡುವೆ ಗಟ್ಟಿಯಾಗಿ ಕೂಗಿದರು: “ನಂಬರ್ ಹದಿನೇಳು!”

ಮುಂದಿನ ಸಾಲಿನಿಂದ ರೂಢಿಯಂತೆ ಉತ್ತರ ಬಂತು: “ಎಸ್ ಸರ್!”

ಹದಿನೆಂಟು, ಹತ್ತೊಂಬತ್ತು, ಇಪ್ಪತ್ತೆರಡು... ಎಲ್ಲರೂ ಹಾಜರ್! ಒಬ್ಬನನ್ನೂ ಎಳೆದು ತರಲಿಲ್ಲ. ಮರುದಿನ ಆಜ್ಞೆಯಾಯಿತು: “ನೋಡ್ದವರು ಕಥಿ ಹೇಳ್ರಿ, ನೋಡದವರು ಬರಕೋರಿ. ಎರಡು ಪುಟ. ಕಥಿ ತಪ್ಪಿದ್ರ ಹೇಳಿದವಗ ಬಸ್ಕಿ, ಅಕ್ಷರ ತಪ್ಪಿದ್ರ ಬರದವಗ ಬಸ್ಕಿ.” ನೋಡದ ಸಿನಿಮಾಕ್ಕೆ ನಾನು ವಿಮರ್ಶೆ ಬರೆದದ್ದು ಅಂದೇ. ಈಗಲೂ ಕೆಲವರು ಹಾಗೇ ಬರೆಯುತ್ತಾರಂತೆ, ಅದು ಬೇರೆ ಮಾತು!

ಇನ್ನು ಜೇವರ್ಗಿ. ಅಷ್ಟರಲ್ಲಿ ಕಾನೂನು ಬಂದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ, 17ನೇ ಕಲಂ: ಮಕ್ಕಳಿಗೆ ಹೊಡೆಯುವ ಹಾಗಿಲ್ಲ, ಮನಸ್ಸು ನೋಯಿಸುವ ಹಾಗೂ ಇಲ್ಲ. ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಏಪ್ರಿಲ್ ಫೂಲ್ ಇರಬೇಕು ಅಂತ ನಾವು ನಂಬಲೇ ಇಲ್ಲ! ನಂಬಿದ ಮೇಲೆ ನಮ್ಮ ಹಾರಾಟಕ್ಕೆ ಮಿತಿಯಿಲ್ಲ. ಗಣಿತದ ಮಾಸ್ತರರು ತಣ್ಣಗೆ ಹೇಳಿದರು: “ಕಾಯ್ದೆ ಇರೋದು ಆರರಿಂದ ಹದಿನಾಲ್ಕರ ತನಕ. ಹದಿನಾಲ್ಕು ತುಂಬಲಿ, ನೋಡ್ತೀನಿ.” ದಾಖಲೆ ಪುಸ್ತಕ ತೆಗೆದರೆ ಮುಕ್ಕಾಲು ಕ್ಲಾಸಿನ ಹುಟ್ಟಿದ ತಾರೀಖು ಒಂದೇ, ಜೂನ್ 1! ಹೆಸರು ಹಚ್ಚುವಾಗ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಯವರು ಕೊಡುವ ಜನ್ಮದಿನ ಅದು.

2011ರ ಜೂನ್ 1. ಮಾಸ್ತರರು ಉದ್ದದ ಕೋಲು ಹಿಡಿದು ಬಂದರು. ಉಸಿರಿಲ್ಲ ಯಾರಿಗೂ. ಆ ಕೋಲಿನಿಂದ ಬೇಸಿಗೆ ರಜೆಯಲ್ಲಿ ಕಟ್ಟಿದ್ದ ಜೇಡರ ಬಲೆ ತೆಗೆದರು. ಕೋಲು ಮೂಲೆಗಿಟ್ಟು, ಕಿಸೆಯಿಂದ ಪೇಢೆ ಪೊಟ್ಟಣ ತೆಗೆದರು: “ಎಲ್ಲಾರೂ ಒಂದೇ ದಿನ ಹುಟ್ಟೀರಿ, ಒಂದೇ ದಿನ ಶಾಣ್ಯಾ ಆಗ್ರಿ.”

ನಮ್ಮಲ್ಲಿ ಒಬ್ಬ ಮಹಾ ಉಡಾಳ. ಟೇಬಲ್ಲಿನ ಖಾನೆಯಲ್ಲಿ ಓತಿಕ್ಯಾತ ಬಿಟ್ಟ. ಮಾಸ್ತರರು ಖಾನೆ ಎಳೆದು, ನೋಡಿ, ಹಾಜರಿ ಪುಸ್ತಕ ತೆಗೆದರು: “ಹೊಸ ಅಡ್ಮಿಶನ್ ಬಂದದ. ಹುಟ್ಟಿದ ತಾರೀಖ ಜೂನ್ 1 ಬರಕೋತೀನಿ.” ಬಿಟ್ಟವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ದಿನ ಇನ್ನೊಬ್ಬ ಶಿಕ್ಷಕರು, “ಎರಡು ಬಾರಿಸೋದು ಬಿಟ್ಟು ನಗ್ತೀರಲ್ಲ ಸರ?” ಅಂದರು. ಬಾಗಿಲ ಬಳಿ ನೀರಿನ ಕೊಡ ಇಳಿಸುತ್ತಿದ್ದ ನನಗೆ ಉತ್ತರ ಕೇಳಿಸಿತು.

“ಅವರಪ್ಪ ಅವ್ವ ತೊಗರಿ ರಾಶಿ ಮುಗದ ಕೂಡ್ಲೇ ಪುಣಾಕ್ಕ ದುಡಿಲಿಕ್ಕ ಹೊಂಟಾರ. ಇವ ಶಾಲಿ ಬಿಡ್ಲಿಕ್ಕ ಒಂದು ನೆಪ ಹುಡುಕ್ಲತ್ತಾನ. ನಾ ಹೊಡದ್ರ ಅದು ಸಿಕ್ಕಂಗ ಆತು. ಅರಳಗುಂಡಗಿ ಶರಣರು ಹೊಲದಾಗಿನ ಹಕ್ಕಿ ಓಡಿಸಲಿಲ್ಲ, ನೀರಿಟ್ರು ಅಂತಾರ. ಅವರ ತಾಲೂಕಿನಾಗ ಕುಂತು ನಾ ಕವಣಿ ಬೀಸಲೇನು?”

ಅಲ್ಲಿಯವರೆಗೆ ಅದೆಲ್ಲ ಬರೀ ತಮಾಷೆ ಅಂದುಕೊಂಡಿದ್ದೆ ನಾನು. ಆ ಬೋರ್ಡು, ಆ ಹಾಜರಿ, ಆ ಪೇಢೆ, ಎಲ್ಲವೂ ಒಂದೇ ಹೂಟ: ಹುಡುಗನ ಕೈಗೆ ನೆಪ ಕೊಡಬಾರದು. ಆ ಉಡಾಳ ಪುಣೆ ಬಸ್ಸು ಹತ್ತಲಿಲ್ಲ. 2013ರಲ್ಲಿ ಎಸ್ಸೆಸ್ಸೆಲ್ಸಿ ಬರೆದ, ಎರಡು ವಿಷಯ ಹೋದವು, ಸಪ್ಲಿಮೆಂಟರಿಯಲ್ಲಿ ಹಿಡಿದ. ಐಟಿಐ ಮುಗಿಸಿ ಈಗ ಬಸ್ಸು ರಿಪೇರಿ ಮಾಡುತ್ತಾನೆ. ನಾನು ಪಿಯುಸಿ ನಡುವೆಯೇ ಬಿಟ್ಟೆ. ಅಲ್ಲಿ ಹೊಡೆದವರೂ ಇರಲಿಲ್ಲ, ಟಾಕೀಸಿಗೆ ಬಂದು ನಂಬರು ಕೂಗಿದವರೂ ಇರಲಿಲ್ಲ.

1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಪಂತುಲು ಅವರು ತಿದ್ದಿದ ತುಂಟನೇ ಮುಂದೆ ಪೊಲೀಸ್ ಅಧಿಕಾರಿಯಾಗಿ ಬಂದು ಮೇಷ್ಟ್ರ ಕೈ ಹಿಡಿಯುತ್ತಾನೆ. ನಮ್ಮ ಮಾಸ್ತರರಿಗೆ ಅಂಥ ಕ್ಲೈಮ್ಯಾಕ್ಸ್ ಇಲ್ಲ. ಗಾಂಧಿನಗರದ ನಿರ್ದೇಶಕರೇ, ಕಲಬುರಗಿ ಮಾತನ್ನು ನಗಿಸಲಿಕ್ಕೆ ಮಾತ್ರ ತರುತ್ತೀರಿ. ಒಮ್ಮೆ ಆ ಮಾತಾಡುವ ಮಾಸ್ತರರನ್ನೇ ತನ್ನಿ. ನಗು ಹೇಗಿದ್ದರೂ ಬರುತ್ತದೆ. ಅದು ಯಾವ ಹುಡುಗನನ್ನು ಶಾಲೆಯಲ್ಲಿ ಉಳಿಸಿತು ಅನ್ನುವುದನ್ನೂ ತೋರಿಸಿ.