ಬಂಗಾರಪೇಟೆ ರೈಲಲ್ಲಿ ಊರಿಗೆ ಬರುವ ಓವನ್

ಸಂಜೆ ಹೊತ್ತು ಕಂಟೋನ್ಮೆಂಟಿನಲ್ಲೋ ಬೈಯಪ್ಪನಹಳ್ಳಿಯಲ್ಲೋ ಬಂಗಾರಪೇಟೆ ರೈಲು ಹತ್ತಿ ನೋಡಿ. ಕೆ.ಆರ್. ಪುರ ಬರುವಷ್ಟರಲ್ಲಿ ಬೋಗಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇಂದಿರಾನಗರ, ಹಲಸೂರಿನ ಮನೆಗಳಲ್ಲಿ ಕೆಲಸ ಮುಗಿಸಿದ ಹೆಂಗಸರು, ಗಾರೆ ಕೆಲಸದವರು, ಶಿವಾಜಿನಗರದ ಅಂಗಡಿ ಹುಡುಗರು. ಬಹಳಷ್ಟು ಮಂದಿ ಮಾಲೂರು, ಟೇಕಲ್, ಬಂಗಾರಪೇಟೆ ಕಡೆಯವರು. ಅವರ ಕಾಲ ಬುಡದಲ್ಲಿ ಚೀಲಗಳು. ಆ ಚೀಲಗಳ ನಡುವೆ ಆಗಾಗ ಹಳೇ ಸೀರೆಯಲ್ಲಿ ಗಂಟು ಕಟ್ಟಿದ ಒಂದು ಪೆಟ್ಟಿಗೆ ಕೂತಿರುತ್ತದೆ.

"ಟೀವೀನಾ ಅಕ್ಕ?"

"ಅಲ್ಲ ಕಣಪ್ಪ, ಅನ್ನ ಬಿಸಿ ಮಾಡೋದು. ಮೇಡಮ್ಮೋರು ಹೊಸದು ತಗೊಂಡ್ರು, ಇದನ್ನ ನಂಗೆ ಕೊಟ್ರು."

ನಮ್ಮಲ್ಲೊಬ್ಬರ ಚಿಕ್ಕಮ್ಮನ ಮನೆಗೂ ಮೈಕ್ರೋವೇವ್ ಓವನ್ ಬಂದಿದ್ದು ಹೀಗೇ. ಅಡುಗೆಮನೆಯಲ್ಲಿ ದಪ್ಪ ಪಿನ್ನಿನ ಪ್ಲಗ್ ಹಾಕುವ ಸಾಕೆಟ್ ಇರಲಿಲ್ಲ. ಚಿಕ್ಕಪ್ಪ ಅಂಗಡಿಯಿಂದ ಒಂದು ಕನ್ವರ್ಟರ್ ಪಿನ್ ತಂದರು, ಟಿವಿಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರು, ಓವನ್ ಓಡಿತು. ಮೂರು ದಿನ ಎಲ್ಲರಿಗೂ ಸಂಭ್ರಮ. ನಾಲ್ಕನೇ ದಿನ ಪಾತ್ರೆ ತೊಳೆಯುತ್ತಿದ್ದ ಚಿಕ್ಕಮ್ಮ ಒದ್ದೆ ಕೈಯಲ್ಲೇ ಓವನ್ನಿನ ಮೈ ಮುಟ್ಟಿದರು. ಭುಜದವರೆಗೆ ಜುಮ್ಮೆಂದಿತು. ಕೈಲಿದ್ದ ಲೋಟ ಕೆಳಗೆ ಬಿತ್ತು.

ಮನೆಯಲ್ಲಿ ಆದ ತೀರ್ಮಾನ ಏನು ಗೊತ್ತೆ? "ಅದರ ಕಿರಣ ಹೊರಗೆ ಬಂದು ಹೊಡೀತು." ಅಜ್ಜಿ ಅಂದೇ ಅದರ ಮೇಲೆ ಒಂದು ಗೋಣಿಚೀಲ ಹೊದಿಸಿಬಿಟ್ಟರು.

ಈ ಬರಹ ಬರೆಯಲು ಕಾರಣ ಆ ಗೋಣಿಚೀಲವೇ. ಓವನ್ ವಿಚಾರದಲ್ಲಿ ನಮ್ಮ ಹಳ್ಳಿಗಳಲ್ಲಿ ಹೆದರಿಕೆ ಇದೆ, ಆದರೆ ಹೆದರಬೇಕಾದ್ದಕ್ಕೆ ಹೆದರುತ್ತಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕಿರಣಕ್ಕೆ ಹೆದರುತ್ತೇವೆ, ಅರ್ತ್ ಇಲ್ಲದ ಪ್ಲಗ್ಗಿಗೆ ಹೆದರುವುದಿಲ್ಲ.

ಮೊದಲು ಕಿರಣದ ಮಾತು ಮುಗಿಸೋಣ. ಓವನ್ ಒಳಗೆ ಮ್ಯಾಗ್ನೆಟ್ರಾನ್ ಅಂತ ಒಂದು ಕೊಳವೆ ಇದೆ. ಇದು ಮೂಲದಲ್ಲಿ ಯುದ್ಧದ ಸಾಮಾನು, ರೇಡಾರಿಗಾಗಿ ಬೆಳೆದದ್ದು. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಜೇಬಿನಲ್ಲಿದ್ದ ಚಾಕೊಲೇಟ್ ಮಿಠಾಯಿ ಕರಗಿತು ಎಂಬ ಕಥೆ ಪ್ರಸಿದ್ಧ. ಅವನು 1945ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1947ರಲ್ಲಿ ಬಂದ ಮೊದಲ ಓವನ್ ಆಳೆತ್ತರ ಇತ್ತು, ತೂಕ ಸುಮಾರು 340 ಕಿಲೋ. (ಇಂದಿರಾನಗರದ ಪಕ್ಕದ ಸಿ.ವಿ. ರಾಮನ್ ನಗರದಲ್ಲಿ ದೇಶದ ರೇಡಾರ್ ರೂಪಿಸುವ ಎಲ್‌ಆರ್‌ಡಿಇ ಸಂಸ್ಥೆ ಇದೆ. ಅದರ ಕಾಂಪೌಂಡ್ ಪಕ್ಕದಲ್ಲೇ ದಿನಾ ಬಸ್ಸಿನಲ್ಲಿ ಹೋಗುವ ನಮ್ಮ ಹೆಂಗಸರಿಗೆ, ತಾವು ಅನ್ನ ಬಿಸಿ ಮಾಡುವ ಪೆಟ್ಟಿಗೆಯೂ ಆ ರೇಡಾರೂ ಒಂದೇ ವಂಶದವು ಅಂತ ಯಾರೂ ಹೇಳಿಲ್ಲ.)

ಮ್ಯಾಗ್ನೆಟ್ರಾನಿನಿಂದ ಬರುವುದು ರೇಡಿಯೋ ಅಲೆಯಂಥದೇ ಅಲೆ, 2450 ಮೆಗಾಹರ್ಟ್ಸ್. ಊಟದಲ್ಲಿರುವ ನೀರಿನ ಕಣಗಳನ್ನು ಅಲ್ಲಾಡಿಸಿ ಬಿಸಿ ಮಾಡುತ್ತದೆ. ಸ್ವಿಚ್ ಆಫ್ ಮಾಡಿದ ಕೂಡಲೇ ಬಲ್ಬಿನ ಬೆಳಕು ಹೋಗುವ ಹಾಗೆ, ಓವನ್ ನಿಂತ ಕೂಡಲೇ ಅಲೆಯೂ ನಿಲ್ಲುತ್ತದೆ. ಊಟದಲ್ಲಿ ಏನೂ ಉಳಿಯುವುದಿಲ್ಲ. ಬಾಗಿಲ ಗಾಜಿನಲ್ಲಿ ಸಣ್ಣ ತೂತುಗಳ ಲೋಹದ ಜಾಲರಿ ಇದೆಯಲ್ಲ, ಅದೇ ಕಾವಲು. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅಷ್ಟು ಸಣ್ಣ ತೂತಿನಲ್ಲಿ ಅದು ನುಸುಳಲಾರದು. ಒಂಚೂರು ಸೋರಿದರೂ ದೂರ ಹೋದಂತೆ ಬೇಗ ಕಡಿಮೆಯಾಗುತ್ತದೆ: 5 ಸೆಂಟಿಮೀಟರ್ ದೂರದಲ್ಲಿ ಇದ್ದದ್ದು 50 ಸೆಂಟಿಮೀಟರ್ ದೂರಕ್ಕೆ ಬಂದರೆ ನೂರರಲ್ಲಿ ಒಂದು ಪಾಲು. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಜಾಲರಿ ಹರಿದಿದ್ದರೆ, ಒಳಗಿನ ತಗಡು ತುಕ್ಕು ಹಿಡಿದು ತೂತಾಗಿದ್ದರೆ ಆ ಓವನ್ ಬೇಡ. ಪುಕ್ಕಟೆ ಕೊಟ್ಟರೂ ಬೇಡ.

ಈಗ ಚಿಕ್ಕಮ್ಮನಿಗೆ ಹೊಡೆದದ್ದು ಏನು? ಮಾಮೂಲಿ ಕರೆಂಟು. ಓವನ್ನಿನ ಹೊರಮೈ ತಗಡು. ಒಳಗೆ ಎಲ್ಲೋ ಸ್ವಲ್ಪ ಕರೆಂಟು ಸೋರಿದರೂ ಆ ತಗಡಿಗೆ ಬರುತ್ತದೆ. ಪ್ಲಗ್ಗಿನ ಮೂರನೇ ಪಿನ್, ಮೇಲೆ ಒಂಟಿಯಾಗಿ ಉದ್ದಕ್ಕೆ ದಪ್ಪಗೆ ಇರುವುದು, ಆ ಸೋರಿದ ಕರೆಂಟನ್ನು ನೆಲಕ್ಕೆ ಕಳಿಸಲೆಂದೇ ಇರುವುದು. ಚಿಕ್ಕಪ್ಪ ತಂದ ಕನ್ವರ್ಟರಿನಲ್ಲಿ ಆ ಪಿನ್ನಿಗೆ ತಂತಿಯೇ ಇರಲಿಲ್ಲ. ಇದ್ದಿದ್ದರೂ ಉಪಯೋಗ ಆಗುತ್ತಿರಲಿಲ್ಲ, ಯಾಕೆಂದರೆ ಮನೆಗೇ ಅರ್ತ್ ಇರಲಿಲ್ಲ. ಗೋಡೆಯ ಸಾಕೆಟಿನಲ್ಲಿ ಮೂರು ತೂತಿದ್ದವು, ಮೂರನೆಯದರ ಹಿಂದೆ ಏನೂ ಇಲ್ಲ. ನೆಲದ ಮೇಲೆ ಬರಿಗಾಲಲ್ಲಿ ನಿಂತ ಚಿಕ್ಕಮ್ಮನೇ ಅರ್ತ್ ತಂತಿ ಆದರು. ಅವತ್ತು ಸೋರಿದ್ದು ಸ್ವಲ್ಪ, ಲೋಟ ಬಿತ್ತು ಅಷ್ಟೇ. ಒಳಗೆ ಫೇಸ್ ತಂತಿಯೇ ಕಿತ್ತು ತಗಡಿಗೆ ತಾಗಿದ್ದರೆ ಬೀಳುತ್ತಿದ್ದುದು ಲೋಟವಲ್ಲ.

ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ವೈರಿಂಗ್ ಎರಡು ಬಲ್ಬು, ಒಂದು ಫ್ಯಾನಿಗೆಂದು ಎಳೆದದ್ದು. ಭಾಗ್ಯಜ್ಯೋತಿ ಕಾಲದಲ್ಲಿ ಬಂದ ತಂತಿಯ ಮೇಲೇ ಆಮೇಲೆ ಟಿವಿ, ಮಿಕ್ಸಿ, ಫ್ರಿಜ್ ಕೂತವು. ಓವನ್ ಸಾಮಾನ್ಯವಾಗಿ 1100ರಿಂದ 1300 ವ್ಯಾಟ್ ಎಳೆಯುತ್ತದೆ, ಗ್ರಿಲ್ ಇರುವುದಾದರೆ ಇನ್ನೂ ಹೆಚ್ಚು. ಸಣ್ಣ 6 ಆಂಪ್ ಸಾಕೆಟಿಗೆ ಅದು ಕಟ್ಟಕಡೆ. ತೆಳು ತಂತಿ ಕಾದು, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ, ಒಂದು ದಿನ ಸುಟ್ಟ ವಾಸನೆ ಬರುತ್ತದೆ. ಓವನ್ನಿಗೆ ಬೇಕಾದ್ದು 16 ಆಂಪಿನ ಪ್ರತ್ಯೇಕ ಪಾಯಿಂಟ್, ಅದಕ್ಕೆ ತಕ್ಕ ದಪ್ಪ ತಂತಿ, ನಿಜವಾದ ಅರ್ತ್. ಅರ್ತ್ ಎಂದರೆ ಮನೆ ಪಕ್ಕ ಗುಂಡಿ ತೋಡಿ, ಪೈಪೋ ಪ್ಲೇಟೋ ಹೂತು, ಸುತ್ತ ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹುಯ್ಯುವುದು. ಪಂಪ್‌ಸೆಟ್ಟಿಗೆ ಮಾಡಿಸುತ್ತೇವೆ, ಮನೆಗೆ ಮಾಡಿಸುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಹಾಕಿಸಿ. ಕರೆಂಟು ಸೋರಿದ ಕ್ಷಣದಲ್ಲೇ ಅದು ಲೈನ್ ಕಡಿಯುತ್ತದೆ. ಇಷ್ಟೂ ಆಗುವವರೆಗೆ ಓವನ್ ಮೂಲೆಯಲ್ಲಿರಲಿ, ಅವಸರವಿಲ್ಲ. ಒಲೆ ಇದ್ದೇ ಇದೆ.

ಎರಡನೇ ಭಯ ನಮಗೆ ರಿಪೇರಿಯದು. ಓವನ್ ಕೆಟ್ಟರೆ ಊರಿನ ಟಿವಿ ಮೆಕ್ಯಾನಿಕ್ಕೋ ಮನೆಯ ಜಾಣ ಹುಡುಗನೋ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾನೆ. ಪ್ಲಗ್ ತೆಗೆದಿದ್ದೀನಲ್ಲ, ಇನ್ನೇನು ಅಂತ. ಒಳಗೊಂದು ಕೆಪಾಸಿಟರ್ ಇದೆ. ಸಾವಿರಾರು ವೋಲ್ಟಿನ ಕೆಲಸ ಅದರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ತುಂಬಿಕೊಂಡಿರಬಹುದು, ಮುಟ್ಟಿದರೆ ಪ್ರಾಣಕ್ಕೇ ಬರಬಹುದು. ಮಿಕ್ಸಿ, ಫ್ಯಾನ್ ಬಿಚ್ಚಿದ ಅನುಭವ ಇಲ್ಲಿ ನಡೆಯುವುದಿಲ್ಲ. ಓವನ್ ರಿಪೇರಿ ಕಲಿತವರೇ ಬಿಚ್ಚಬೇಕು.

ನಾವೂ ಜಾಣರಾಗಿದ್ದವರೇ. ಕೆ.ಆರ್. ಪುರದ ನಮ್ಮ ರೂಮಿಗೆ ಸೆಕೆಂಡ್ ಹ್ಯಾಂಡ್ ಓವನ್ ತಂದಾಗ ಒಳಗೋಡೆಯ ಬಲಗಡೆ ಕಂದು ಬಣ್ಣದ ರಟ್ಟಿನಂಥ ಚೂರೊಂದು ಅಂಟಿತ್ತು. ಪ್ಯಾಕಿಂಗ್ ರಟ್ಟು ಅಂತ ಕಿತ್ತು ಬಿಸಾಡಿದೆವು. ಅದು ಅಭ್ರಕದ ಹಾಳೆ. ಅಲೆ ಬರುವ ದಾರಿಗೆ ಎಣ್ಣೆ, ಸಾರು ಸಿಡಿಯದಂತೆ ಕಾಯುವುದು ಅದರ ಕೆಲಸ. ಒಂದೇ ವಾರದಲ್ಲಿ ಒಳಗೆ ಚಟಚಟ ಕಿಡಿ ಶುರುವಾಯಿತು. ಹೊಸ ಹಾಳೆಗೆ ಕೊಟ್ಟದ್ದು ಒಂದು ಊಟದ ದುಡ್ಡು. ನಾಚಿಕೆಯ ಲೆಕ್ಕ ಬೇರೆ.

ಪಾತ್ರೆ ವಿಚಾರಕ್ಕೆ ಬಂದರೆ, ನಮ್ಮ ಅಡುಗೆಮನೆ ತುಂಬ ಸ್ಟೀಲು, ಓವನ್ನಿಗೆ ಆಗದ್ದೂ ಅದೇ. ಸ್ಟೀಲು, ಅಲ್ಯುಮಿನಿಯಂ, ತಾಮ್ರ, ಚಿನ್ನದ ಗೆರೆಯ ಪಿಂಗಾಣಿ, ಪಾರ್ಸಲ್ ಕಟ್ಟುವ ಬೆಳ್ಳಿ ಹಾಳೆ, ಇವು ಕಿಡಿ ಹಾರಿಸುತ್ತವೆ. ಹೋಟೆಲಿನ ತೆಳು ಪ್ಲಾಸ್ಟಿಕ್ ಡಬ್ಬಿ ಕರಗುತ್ತದೆ, ಮೆಲಮೈನ್ ತಟ್ಟೆಯೂ ಆಗುವುದಿಲ್ಲ. ಬಿಸಿ ತಡೆಯುವ ಗಾಜು, ಗೆರೆಯಿಲ್ಲದ ಪಿಂಗಾಣಿ ಸಾಕು. ಒಲೆಯಲ್ಲಿ ಮಾಡಿ, ಗಾಜಿನ ಬಟ್ಟಲಿಗೆ ಬಗ್ಗಿಸಿ, ಬಿಸಿ ಮಾಡಿ. ಖಾಲಿ ಓವನ್ ಓಡಿಸಬೇಡಿ, ಮ್ಯಾಗ್ನೆಟ್ರಾನ್ ಕೆಡುತ್ತದೆ.

ಸಿಪ್ಪೆ ಸಮೇತ ಮೊಟ್ಟೆ ಇಟ್ಟರೆ ಬಾಂಬಿನ ಹಾಗೆ ಸಿಡಿಯುತ್ತದೆ, ಕೆಲವೊಮ್ಮೆ ಹೊರಗೆ ತೆಗೆದ ಮೇಲೆ, ಮುಖದ ಹತ್ತಿರ. ಆಲೂಗಡ್ಡೆಗೆ ಚಾಕುವಿನಿಂದ ನಾಲ್ಕು ಕಡೆ ಚುಚ್ಚಿಡಿ. ಎಣ್ಣೆಯಲ್ಲಿ ಕರಿಯುವ ಕೆಲಸ ಅಲ್ಲಿ ಬೇಡವೇ ಬೇಡ. ನೀರಿನದು ಇನ್ನೊಂದು ಮೋಸ: ನಯವಾದ ಗಾಜಿನ ಲೋಟದಲ್ಲಿ ಗುಳ್ಳೆ ಏಳದೆಯೇ ನೀರು ಕುದಿಮಟ್ಟ ದಾಟಬಹುದು. ನೋಡಲು ಶಾಂತ. ಕಾಫಿಪುಡಿ ಹಾಕಿದಾಗ ಭುಸ್ಸೆಂದು ಉಕ್ಕಿ ಕೈ ಸುಡುತ್ತದೆ. ಹೆಚ್ಚು ಹೊತ್ತು ಕಾಯಿಸದೆ, ನಿಂತ ಮೇಲೆ ಅರ್ಧ ನಿಮಿಷ ಒಳಗೇ ಬಿಟ್ಟು ತೆಗೆಯಿರಿ. ಮಗುವಿನ ಹಾಲಿನ ಬಾಟಲಿಯನ್ನಂತೂ ಇಡಬೇಡಿ. ಹೊರಗೆ ಬೆಚ್ಚಗೆ, ನಡುವೆ ಸುಡು ಸುಡು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡುವ ನಮ್ಮ ಹಳೇ ಪದ್ಧತಿಯೇ ಸರಿ.

ಅಲೆ ಊಟದೊಳಗೆ ಇಳಿಯುವುದು ಎರಡು ಮೂರು ಸೆಂಟಿಮೀಟರ್ ಅಷ್ಟೇ. ಅದಕ್ಕೇ ಮುದ್ದೆ ಮೇಲೆ ಬಿಸಿ, ನಡುವೆ ತಣ್ಣಗೆ. ನಾವು ಮುದ್ದೆಯನ್ನು ನಾಲ್ಕು ಭಾಗ ಮಾಡಿ, ನೀರು ಚಿಮುಕಿಸಿ, ಮೇಲೊಂದು ತಟ್ಟೆ ಸಡಿಲವಾಗಿ ಮುಚ್ಚಿ ಇಡುತ್ತೇವೆ. ಬಿಸಿಬಿಸಿ ಮುದ್ದೆಯ ರುಚಿ ಬರುವುದಿಲ್ಲ, ಬರುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಸಾರು ನಡುವೆ ಒಮ್ಮೆ ಕಲಕಬೇಕು. ರಾತ್ರಿಯಿಡೀ ಹೊರಗಿದ್ದ ಅನ್ನ ಬಿಸಿ ಮಾಡಿದರೆ ಸರಿಹೋಯಿತು ಅಂದುಕೊಳ್ಳಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಬಿಸಿಗೆ ಹೋಗುವುದಿಲ್ಲ.

ಶುಚಿ ಮಾಡಲು ಬಟ್ಟಲು ನೀರಿಗೆ ಎರಡು ಹೋಳು ನಿಂಬೆ ಹಾಕಿ ಮೂರು ನಾಲ್ಕು ನಿಮಿಷ ಓಡಿಸಿ, ಐದು ನಿಮಿಷ ಮುಚ್ಚಿಯೇ ಬಿಟ್ಟು, ಪ್ಲಗ್ ತೆಗೆದು ಬಟ್ಟೆಯಲ್ಲಿ ಒರೆಸಿ. ಕಬ್ಬಿಣದ ನಾರು ಮುಟ್ಟಿಸಬೇಡಿ. ಸುತ್ತ ಗಾಳಿಯಾಡಲು ಜಾಗ ಬಿಡಿ, ಅಜ್ಜಿಯ ಗೋಣಿಚೀಲ ಹೊದಿಸಿಟ್ಟು ಓಡಿಸಬೇಡಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯದೆ ಗೋಡೆಯ ಸ್ವಿಚ್ ಆರಿಸಿ. ಗಾಳಿ ಸಿಗದೆ ತಾನೇ ಆರುತ್ತದೆ.

ಇನ್ನು ನಮ್ಮ ಜಗಳ. ಮೇಲೆ ಬರೆದ ಬಹುಪಾಲು ಓವನ್ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ನಮ್ಮ ಕೈಗೆ ಸಿಕ್ಕ ಪುಸ್ತಕಗಳೆಲ್ಲ ಇಂಗ್ಲಿಷಿನವು, ಒಂದರಲ್ಲಿ ಮಾತ್ರ ಹಿಂದಿ ಇತ್ತು. ಕನ್ನಡದ್ದು ಒಂದೂ ಇರಲಿಲ್ಲ. ಇಂದಿರಾನಗರದ ನೂರಡಿ ರಸ್ತೆಯ ಶೋರೂಮಿನಲ್ಲಿ ಮಾರುವಾಗ ಕನ್ನಡ ಬರುತ್ತದೆ, ಕಂತು ಕಟ್ಟಿಸುವಾಗ ಬರುತ್ತದೆ, ಎಚ್ಚರಿಕೆ ಹೇಳುವಾಗ ಮಾತ್ರ ಬರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 84ನೇ ಸೆಕ್ಷನ್ ಪ್ರಕಾರ, ಹಾನಿ ತಪ್ಪಿಸಲು ಬೇಕಾದಷ್ಟು ಬಳಕೆ ಸೂಚನೆ ಕೊಡದಿದ್ದರೆ ತಯಾರಕರೇ ಹೊಣೆ. ಕೊಂಡವರಿಗೆ ಓದಲಾಗದ ಭಾಷೆಯಲ್ಲಿರುವ ಸೂಚನೆ 'ಬೇಕಾದಷ್ಟು' ಹೇಗಾಗುತ್ತದೆ? ಕರ್ನಾಟಕದಲ್ಲಿ ಮಾರುವ ಓವನ್ನಿನ ಬಾಗಿಲ ಮೇಲೆ ಕನಿಷ್ಠ ನಾಲ್ಕು ಸಾಲು ಎಚ್ಚರಿಕೆ ಕನ್ನಡದಲ್ಲಿ ಇರಲೇಬೇಕು ಅಂತ ನಾವು ಕೇಳುತ್ತೇವೆ. ನೀವೂ ಕೇಳಿ. ಹೊಸ ಓವನ್ ಕೊಂಡವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು.

ಕೊಡುವ ಮನೆಯವರಿಗೂ ಒಂದು ಮಾತು. ಓವನ್ ಕೊಡುವುದು ದೊಡ್ಡ ಮನಸ್ಸು, ಅಲ್ಲಗಳೆಯುವುದಿಲ್ಲ. ಆದರೆ ಅದರ ಜೊತೆ ಗಾಜಿನ ತಟ್ಟೆ, ತಟ್ಟೆ ಕೆಳಗಿನ ಚಕ್ರದ ಬಳೆ, ಪುಸ್ತಕ ಎಲ್ಲ ಕೊಡಿ. "ನಿಮ್ಮ ಮನೇಲಿ ಅರ್ತ್ ಇದೆಯಾ" ಅಂತ ಒಂದು ಸಲ ಕೇಳಿ. ಕಿಡಿ ಹಾರುತ್ತೆ ಅಂತಲೇ ನೀವು ಹೊಸದು ಕೊಂಡಿದ್ದರೆ ಅದನ್ನು ಕೆಲಸದವರ ತಲೆಗೆ ಕಟ್ಟಬೇಡಿ. ಶಿವಾಜಿನಗರದಲ್ಲೋ ಮತ್ತೆಲ್ಲೋ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಲೋಟ ನೀರು ಇಟ್ಟು ಓಡಿಸಲು ಹೇಳಿ. ಎರಡು ನಿಮಿಷಕ್ಕೆ ಚೆನ್ನಾಗಿ ಕಾಯದಿದ್ದರೆ ಬಿಟ್ಟು ಬನ್ನಿ. ಪೂರ್ತಿ ಕೆಟ್ಟದ್ದನ್ನು ಗುಜರಿಯವರ ಸುತ್ತಿಗೆಗೆ ಕೊಡಬೇಡಿ. ಕೆಲವು ಮ್ಯಾಗ್ನೆಟ್ರಾನಿನ ಪಿಂಗಾಣಿ ಭಾಗದಲ್ಲಿ ಬೆರಿಲಿಯಂ ಇರುತ್ತದೆ, ಪುಡಿಯಾಗಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ವಿಷ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಇ-ತ್ಯಾಜ್ಯದವರಿಗೇ ಅದು ಹೋಗಬೇಕು.

ಚಿಕ್ಕಮ್ಮನ ಮನೆಗೆ ಕಳೆದ ತಿಂಗಳು ಅರ್ತ್ ಗುಂಡಿ ತೋಡಿದ್ದಾಯಿತು. ಬಚ್ಚಲ ನೀರು ಅದಕ್ಕೇ ಹೋಗುವ ಹಾಗೆ ಚಿಕ್ಕಪ್ಪ ಕಾಲುವೆ ತಿರುಗಿಸಿದ್ದಾರೆ. ಓವನ್ನಿನ ಗಾಜಿನ ತಟ್ಟೆ ಮಾತ್ರ ಇಂದಿರಾನಗರದ ಮನೆಯಲ್ಲೇ ಉಳಿದುಹೋಗಿತ್ತು. ಮೇಡಮ್ಮೋರು ಅದರ ಮೇಲೆ ಹೂವಿನ ಕುಂಡ ಇಟ್ಟುಕೊಂಡಿದ್ದರಂತೆ. ಮೊನ್ನೆ ಕೇಳಿ ಇಸ್ಕೊಂಡು, ಟವೆಲ್ಲಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದರು. ಕೆ.ಆರ್. ಪುರದಲ್ಲಿ ಹತ್ತಿದ ಯಾರೋ ಕೇಳಿದರಂತೆ, "ಏನಕ್ಕ, ಕನ್ನಡೀನಾ?"