ಪಟ್ಟಿಯ ಪದವೂ ಸಾಲಪತ್ರದ ಪದವೂ

ನೌಕರಿಯ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ನಮ್ಮ ತರುಣರು ಕಠಿಣ ಇಂಗ್ಲಿಷ್ ಪದಗಳ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ. ಎಡಗಡೆ ಪದ, ಬಲಗಡೆ ಅರ್ಥ; ಪರೀಕ್ಷೆ ಮುಗಿದೊಡನೆ ಎರಡೂ ಮರೆತುಹೋಗುತ್ತವೆ. ಇಂಗ್ಲಿಷ್ ಕಲಿಯಬೇಡಿರೆಂದು ನಾವು ಹೇಳುವವರಲ್ಲ. ಉಳ್ಳವರ ಮಕ್ಕಳಿಗೆ ದೊರೆಯುವ ಯಾವ ವಿದ್ಯೆಯೂ ಬಡವರ ಮಕ್ಕಳಿಗೆ ತಪ್ಪಬಾರದು. ನಮ್ಮ ಆಕ್ಷೇಪಣೆ ಕಲಿಸುವ ರೀತಿಗೆ. ಅದಕ್ಕಿಂತ ಹೆಚ್ಚಾಗಿ, ಕಠಿಣ ಪದಗಳಿಂದ ಜನರ ಸುತ್ತ ಹಾಕಿರುವ ಬೇಲಿಗೆ.

ಇಂಥ ಬೇಲಿಯನ್ನು ಇಂಗ್ಲೆಂಡಿನ ಜನರೂ ಕಂಡವರೇ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ ದೊರೆಗಳ ಮಾತು ಫ್ರೆಂಚ್, ದಾಖಲೆಯ ಭಾಷೆ ಲ್ಯಾಟಿನ್ ಆಯಿತು. ನೇಗಿಲು ಹಿಡಿದವನ ಇಂಗ್ಲಿಷಿಗೆ ಬೆಲೆಯಿಲ್ಲವಾಯಿತು. ಜನರಿಗೆ ಫ್ರೆಂಚ್ ತಿಳಿಯದೆಂಬ ಕಾರಣವನ್ನೇ ಕೊಟ್ಟು, ನ್ಯಾಯಾಲಯಗಳ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಅಲ್ಲಿಯ ಪಾರ್ಲಿಮೆಂಟು 1362ರಲ್ಲಿ ಶಾಸನ ಮಾಡಿತು. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬವನು ಹೊರತಂದ ನಿಘಂಟು, ಸುಮಾರು 2,500 ಕಠಿಣ ಪದಗಳ ಅರ್ಥವನ್ನು ಇಂಗ್ಲಿಷರಿಗೇ ಸರಳ ಇಂಗ್ಲಿಷಿನಲ್ಲಿ ತಿಳಿಸಲು ಹೊರಟದ್ದು. ಇಂಗ್ಲಿಷರಿಗೇ ತಿಳಿಯದಿದ್ದ ಪದ ನಮ್ಮ ಹುಡುಗನಿಗೆ ತಿಳಿಯದಿದ್ದರೆ ಅವನೇಕೆ ನಾಚಬೇಕು?

'ಮಾರ್ಟ್‌ಗೇಜ್' ಎಂಬ ಪದವನ್ನೇ ತೆಗೆದುಕೊಳ್ಳಿ. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಮಾರ್ಟ್ ಎಂದರೆ ಸತ್ತ, ಗೇಜ್ ಎಂದರೆ ಒತ್ತೆ. ಸಾಲ ತೀರದಿದ್ದರೆ ಭೂಮಿ ರೈತನ ಪಾಲಿಗೆ ಸತ್ತಂತೆ. ತೀರಿದರೆ ಒತ್ತೆ ಸಾಹುಕಾರನ ಪಾಲಿಗೆ ಸತ್ತಂತೆ. ಹೀಗೆ ಬಿಡಿಸಿ ಹೇಳಿದರೆ ಯಾವ ರೈತನ ಮಗ ಅದನ್ನು ಮರೆತಾನು? ಸಾವಿನ ಆ ಮೂಲವನ್ನು ಹಿಡಿದುಕೊಂಡರೆ 'ಮಾರ್ಟಲ್', 'ಇಮ್ಮಾರ್ಟಲ್', 'ಮಾರ್ಚುರಿ' ಎಂಬ ಪದಗಳೂ ತಾವಾಗಿಯೇ ತಿಳಿಯುತ್ತವೆ. ಉಪಾಧ್ಯಾಯರು ಪಟ್ಟಿಯನ್ನು ಬದಿಗಿಟ್ಟು ಹೀಗೆ ಕಲಿಸಲಿ.

ಆದರೆ ಮಗ ಕಲಿತರೆ ಸಾಲದು. ಅಡಮಾನ, ಒತ್ತೆ, ಭೋಗ್ಯ ಎಂಬ ಮಾತುಗಳು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾನೂನು ಬಂದದ್ದು 1963ರಲ್ಲಿ. ಹೀಗಿದ್ದೂ ಎಷ್ಟೋ ಸಾಲಪತ್ರಗಳಲ್ಲಿ ಕೂಲಿಯವನೂ ರೈತನೂ ಓದಲಾಗದ ಇಂಗ್ಲಿಷಿನ ಕೆಳಗೆ ರುಜು ಹಾಕುತ್ತಿದ್ದಾರೆ. ಓದಿ ತಿಳಿಯಲಾಗದ ಪತ್ರಕ್ಕೆ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ?

ಮಗನಿಗೆ ಇಂಗ್ಲಿಷಿನ ಅರ್ಥ ಸಿಗಲಿ. ತಂದೆಗೆ ಕನ್ನಡದ ಕಾಗದ ಸಿಗಲಿ. ಈ ಎರಡನ್ನೂ ನಾವು ಒಟ್ಟಿಗೇ ಕೇಳುತ್ತೇವೆ.